ಕೆಲಸ ಗೊತ್ತಿಲ್ಲದವರು ಬೇಕಾಗಿದ್ದಾರೆ

"ಆಗೋ ಮಾತಲ್ಲ" ಎಂದು ಮೊಟ್ಟಮೊದಲು ಹೇಳಿದವನು ನನ್ನ ಸೋದರಮಾವ. ಹೇಳಿದ್ದು ಒಂದು ಕಾಲಿನ ಹೆಬ್ಬೆರಳನ್ನು ನೋಡಿ.

ಆ ಹೆಬ್ಬೆರಳು ನಮ್ಮ ಓನರಮ್ಮನದು. ಬಲಗಾಲಿನದು. ಎಂದೋ ಗ್ರಾನೈಟ್ ತುಂಡು ಬಿದ್ದು ಉಗುರು ಹೋಗಿತ್ತಂತೆ. ಮತ್ತೆ ಬಂದ ಉಗುರು ನಡುವೆ ಸೀಳಿಕೊಂಡೇ ಬಂತು. ಆ ಸೀಳಿನಲ್ಲಿ ಸಿಮೆಂಟಿನ ಬಿಳಿ ಗೆರೆಯೊಂದು ಯಾವ ಸೋಪಿಗೂ ಜಗ್ಗದೆ ಕೂತುಬಿಟ್ಟಿತ್ತು. ಹೊಸದಾಗಿ ಟೈಲ್ಸ್ ಹಾಕಿದ ಕೋಣೆಗೆ ಬಂದರೆ ಅವರು ಮೊದಲು ಚಪ್ಪಲಿ ಬಿಡುವರು. ಸೀರೆಯ ಮೇಲೆ ತೊಟ್ಟ ಗಂಡನ ಹಳೇ ಶರ್ಟಿನ ತೋಳು ಮಡಚುವರು. ಆಮೇಲೆ ಕಣ್ಣು ಮುಚ್ಚಿಕೊಂಡು, ಗದ್ದೆಯ ಬದುವಿನ ಮೇಲೆ ನಡೆದ ಹಾಗೆ, ಗೋಡೆಯಿಂದ ಗೋಡೆಗೆ ಪಾದ ಎಳೆಯುತ್ತ ನಡೆಯುವರು. ಒಂದು ಟೈಲ್ಸಿನ ಅಂಚು ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಎದ್ದಿದ್ದರೂ ಸೀಳು ಹೆಬ್ಬೆರಳು ಅಲ್ಲೇ ನಿಲ್ಲುತ್ತಿತ್ತು. "ಇಲ್ಲಿ ಅಂಚು ಎದ್ದಿದೆ. ತೆಗೀರಿ." ಅಷ್ಟೇ. ಕಣ್ಣು ಬಿಡುತ್ತಲೂ ಇರಲಿಲ್ಲ.

ಮಾವ ಗಾರೆ ಮೇಸ್ತ್ರಿ. ರಿಪ್ಪನ್‌ಪೇಟೆಯ ಯಾವುದೋ ಅಂಗಡಿಯಲ್ಲಿ ಹೊಸ ನೆಲದ ಮೇಲೆ ಅವರು ಹೀಗೆ ನಡೆಯುವುದನ್ನು ಕಂಡು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

"ಕೆಲ್ಸ ಗೊತ್ತಿರೋರ್ನ ಕಟ್ಕಂಡೇ ನಾವು ಸಾಯ್ತಾ ಇದೀವಿ. ಈ ಹೆಂಗ್ಸು ಕೆಲ್ಸ ಗೊತ್ತಿಲ್ದೋರ್ನ ಕೂಡಿ ಹಾಕ್ಕಂಡು ಕಂಪ್ನಿ ನಡೆಸ್ತದಂತೆ! ರಸಮಟ್ಟ ಬಿಟ್ಟು ಕಾಲ್ಬೆರಳಲ್ಲಿ ಮಟ್ಟ ನೋಡ್ತದೆ! ಆಗೋ ಮಾತಲ್ಲ ಬಿಡಿ. ಕೋಳಿಗೆ ಈಜು ಕಲ್ಸಿ ಮೀನು ಹಿಡೀತೀನಿ ಅಂದಂಗಾತು."

ಅವನು ನಗುತ್ತಿದ್ದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾರನೇ ದಿನ ಅದೇ ಕಂಪನಿಗೆ ಹೋಗಿ ಕೇಳಬೇಕು ಎಂದು ಆಗಲೇ ತೀರ್ಮಾನ ಮಾಡಿದ್ದೆ.

ಕಾರಣ ಆ ಬೋರ್ಡು. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸುವಾಗ ಎಷ್ಟೋ ಸಲ ಓದಿದ್ದೆ. "ಬಚ್ಚಲು, ಅಡುಗೆಮನೆ, ನೆಲ, ಸೋರುವ ತಾರಸಿ, ಬಣ್ಣ: ಹಳೇ ಮನೆ ಹೊಸದು ಮಾಡಿಕೊಡಲಾಗುವುದು." ಅದರ ಕೆಳಗೆ ಕೆಂಪಕ್ಷರದಲ್ಲಿ, "ಕೆಲಸ ಗೊತ್ತಿಲ್ಲದವರು ಬೇಕಾಗಿದ್ದಾರೆ." ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಓದಿ ನಗದವರಿಲ್ಲ. "ಇಲ್ ನೋಡ್ರಾ, ನಿಂಗೆ ಹೇಳಿ ಮಾಡಿಸಿದ ಕಂಪ್ನಿ" ಎಂದು ಹುಡುಗರು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಸೀಸನ್ನಿನಲ್ಲಿ ಅಡಿಕೆ ಸುಲಿದು, ಬೆರಳು ಕಪ್ಪಾಗಿದ್ದ ಕೈಯಲ್ಲೇ ಹೊಸನಗರದ ಕಾಲೇಜಿನಲ್ಲಿ ಪರೀಕ್ಷೆ ಬರೆದು ಬಿ.ಎ. ಪಾಸಾದವಳು. ಪಾಸಾದ ಮೇಲೆ ಹೋದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ: "ಅನುಭವ ಇದೆಯಾ?" ಅನುಭವ ಇಲ್ಲ ಎಂದರೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವ ಎಲ್ಲಿಂದ ಬರಬೇಕು? ಇಡೀ ಮೂರು ತಾಲ್ಲೂಕಿನಲ್ಲಿ ನನಗೆ ಅರ್ಹತೆ ಇದೆ ಎಂದು ಹೇಳಿದ ಬೋರ್ಡು ಅದೊಂದೇ.

ಹೋದೆ. ಊರ ಹೊರಗೆ ಮುಚ್ಚಿಹೋದ ಅಕ್ಕಿ ಗಿರಣಿಯ ಗೋಡೌನು. ಓನರಮ್ಮ ಒಂದು ಟೈಲ್ಸ್ ಪೆಟ್ಟಿಗೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು.

"ಏನು ಗೊತ್ತು ನಿಂಗೆ?"

"ಏನೂ ಗೊತ್ತಿಲ್ಲಮ್ಮ. ಬಿ.ಎ. ಆಗಿದೆ."

"ಡಿಗ್ರಿ ಆಗಿದ್ಯಾ?" ಎಂದು ಒಂದು ಕ್ಷಣ ಯೋಚಿಸಿದರು. "ಅಡ್ಡಿಲ್ಲ ಬಿಡು. ಅದ್ರಿಂದ ನಮ್ಗೇನೂ ತೊಂದ್ರೆ ಇಲ್ಲ. ಎಲ್ಲಿ, ಕಾಲು ತೋರ್ಸು."

ಸರ್ಟಿಫಿಕೇಟುಗಳಿದ್ದ ಕವರನ್ನು ಚಾಚಿದ್ದ ಕೈ ಹಾಗೇ ನಿಂತಿತು. ಚಪ್ಪಲಿ ಬಿಟ್ಟು ಪಾದ ತಿರುಗಿಸಿ ತೋರಿಸಿದೆ. ಅವರು ಬಗ್ಗಿ ನೋಡಿದರು. "ಬರಿಗಾಲಲ್ಲಿ ಓಡಾಡಿದ ಪಾದ. ಸಾಕು. ನಾಳೆಯಿಂದ ಬಾ." ಆಮೇಲೆ ಆ ಕವರನ್ನೂ ಇಸಿದುಕೊಂಡು, ಶರ್ಟಿಗೆ ಕೈ ಒರೆಸಿಕೊಂಡು, ಒಂದೊಂದು ಹಾಳೆಯನ್ನೂ ನಿಧಾನವಾಗಿ ನೋಡಿದರು. "ಇದನ್ನ ಜೋಪಾನವಾಗಿಡು. ಇದ್ರ ಪಕ್ಕ ಇನ್ನೊಂದು ಬರತ್ತೆ."

ಅಂದಿನಿಂದ ನನ್ನ ಹೆಸರು ಬಿ.ಎ. "ಏ ಬಿ.ಎ., ಕರಣೆ ತಗಂಬಾ." "ಬಿ.ಎ. ಎಲ್ಲಿ ಸತ್ಲು? ನೀರು ಹಾಕೋಕೆ ಹೇಳಿದ್ದೆ." ಮೊದಮೊದಲು ಮುಖ ಕೆಂಪಾಗುತ್ತಿತ್ತು. ಆಮೇಲೆ ತಿಳಿಯಿತು, ಅವರು ಅದನ್ನು ಗೇಲಿ ಮಾಡಲು ಹೇಳುತ್ತಿರಲಿಲ್ಲ. ಗಿರಾಕಿಗಳ ಮುಂದೆ ಗೋಡೌನಿನ ಆಚೆ ತುದಿಗೆ ಕೇಳುವಂತೆ ಕೂಗುತ್ತಿದ್ದರು. ಟೈಲ್ಸ್ ಗಮ್ಮಿನ ಚೀಲದ ಮೇಲೆ ಇಂಗ್ಲಿಷಿನಲ್ಲಿರುವುದನ್ನೆಲ್ಲ ನನ್ನಿಂದ ಓದಿಸಿ, ಕನ್ನಡದಲ್ಲಿ ಎಲ್ಲರಿಗೂ ಹೇಳಿಸುತ್ತಿದ್ದರು. ಎಷ್ಟು ನೀರು, ಎಷ್ಟು ಹೊತ್ತು ನೆನೆಯಬೇಕು, ಎಷ್ಟು ಹೊತ್ತಿನೊಳಗೆ ಮುಗಿಸಬೇಕು. "ಕೇಳಿಸ್ಕಳ್ರಿ. ಇಷ್ಟು ವರ್ಷ ಇದೇ ಚೀಲ ಮಾರಿದೀನಿ, ಒಳಗೆ ಏನು ಬರ್ದಿದೆ ಅಂತ ನಂಗೇ ಗೊತ್ತಿರಲಿಲ್ಲ."

ಮಾರಿದ್ದು ನಿಜ. ನಿಟ್ಟೂರಿನ ಕಡೆ ಹುಟ್ಟಿ, ರಿಪ್ಪನ್‌ಪೇಟೆಗೆ ಮದುವೆಯಾಗಿ ಬಂದವರು. ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ವರ್ಷಗಟ್ಟಲೆ ಕೂತವರು. ಸಾಮಾನು ಕೊಂಡವರೆಲ್ಲ ಹೇಳುತ್ತಿದ್ದುದು ಒಂದೇ ಗೋಳು: "ಕೆಲ್ಸದೋರು ಸಿಗಲ್ಲ. ಸಿಕ್ಕಿದ್ರೆ ಬರಲ್ಲ. ಬಂದ್ರೆ ಅರ್ಧಕ್ಕೆ ಬಿಟ್ಟು ಹೋಗ್ತಾರೆ." ಇತ್ತ ಅಂಗಡಿಯ ಎದುರಿನ ಕಟ್ಟೆಯಲ್ಲಿ ಕೆಲಸವಿಲ್ಲದವರು ಸಾಲಾಗಿ ಕೂತಿರುತ್ತಿದ್ದರು. "ಈ ಕಡೆ ಕೆಲ್ಸ, ಆ ಕಡೆ ಜನ. ನಡುವೆ ರಸ್ತೆ ಅಷ್ಟೇ ಇದ್ದಿದ್ದು. ಯಾರಾದ್ರೂ ದಾಟಿಸ್ಬೇಕಿತ್ತು" ಎನ್ನುತ್ತಿದ್ದರು. ಮೊದಲು ತಾವೇ ಕಲಿತರು. ಕಲಿತದ್ದು ಸ್ವಂತ ಮನೆಯ ಬಚ್ಚಲಲ್ಲಿ. ಹಾಕುವುದು, ಒಡೆಯುವುದು, ಮತ್ತೆ ಹಾಕುವುದು. ಅಷ್ಟು ದಿನವೂ ಅವರ ಯಜಮಾನರು ಟವೆಲು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಸ್ನಾನಕ್ಕೆ ಹೋಗುತ್ತಿದ್ದರಂತೆ. "ಪುಣ್ಯಾತ್ಮ, ಒಂದು ಮಾತು ಆಡ್ಲಿಲ್ಲ. ಪಕ್ಕದ ಮನೆಯೋರು ಆಡಿದ್ರು."

ಗೋಡೌನಿನೊಳಗೆ ಅವರು ಎದೆಮಟ್ಟದ ಗೋಡೆಗಳನ್ನು ಕಟ್ಟಿಸಿ ಸುಳ್ಳು ಕೋಣೆಗಳನ್ನು ಮಾಡಿದ್ದರು. ಸುಳ್ಳು ಬಚ್ಚಲು, ಸುಳ್ಳು ಅಡುಗೆಮನೆ, ಸುಳ್ಳು ಜಗುಲಿ. ಎಲ್ಲವೂ ಇಟ್ಟಿಗೆಯವು. ಯಾವುದಕ್ಕೂ ಬಾಗಿಲಿರಲಿಲ್ಲ, ಸಂದಿಯಲ್ಲಿ ನುಗ್ಗುತ್ತಿದ್ದೆವು. ಕಲಿಯುವವರಿಗೆ ಸಿಮೆಂಟ್ ಕೊಡುತ್ತಿರಲಿಲ್ಲ. ಕಲಸಿದ ಮಣ್ಣಿನ ಮೇಲೆ ಟೈಲ್ಸ್ ಕೂರಿಸಬೇಕು, ಸಂಜೆ ಎಲ್ಲ ಕಿತ್ತು ತೊಳೆದು ಜೋಡಿಸಿಡಬೇಕು, ಬೆಳಿಗ್ಗೆ ಮತ್ತೆ ಶುರು. ಒಂದು ದಿನ ಬೇಜಾರಾಗಿ ಕೇಳಿದೆ, "ಸಿಮೆಂಟಲ್ಲಿ ಯಾವಾಗ ಮಾಡೋದಮ್ಮ?"

"ಕಲಿಯೋವಾಗ ತಪ್ಪು ಆಗ್ಲೇಬೇಕು. ಆದ್ರೆ ತಪ್ಪು ಗಟ್ಟಿಯಾಗಬಾರ್ದು" ಎಂದರು. ಆ ಮಾತನ್ನು ಅವರು ಎಷ್ಟು ಸಲ ಹೇಳುತ್ತಿದ್ದರೆಂದರೆ ನಾವು ಹಿಂದಿನಿಂದ ಬಾಯಾಡಿಸಿ ಅಣಕಿಸುತ್ತಿದ್ದೆವು.

ನಮ್ಮ ತಂಡದಲ್ಲಿ ನನ್ನ ಜೊತೆ ಇದ್ದವರು ಇಬ್ಬರು. ನಗರ ಎಂಬ ಊರಿನ ಸರೋಜಕ್ಕ, ಅಲ್ಲಿ ಕೋಟೆ ನೋಡಲು ಬರುವವರಿಗೆ ಚಹಾ ಮಾಡಿಕೊಡುತ್ತಿದ್ದವಳು. ನಿಟ್ಟೂರಿನ ಮಂಜಣ್ಣ, ಯಾವ ಮರ ಬೇಕಾದರೂ ಹತ್ತುವವನು, ನೆಲದ ಮೇಲೆ ಮಾತ್ರ ಕೈ ನಡುಗುವವನು. ಅವನು ಮೊದಲ ಸಲ ಬಚ್ಚಲಿಗೆ ನೀರು ಹರಿದುಹೋಗುವ ವಾಟ ಕೊಟ್ಟಾಗ ಓನರಮ್ಮ ಒಂದು ಚೊಂಬು ನೀರು ಸುರಿದರು. ನೀರು ಕೊಳವೆಯ ಕಡೆ ಬೆನ್ನು ಹಾಕಿ ಪಕ್ಕದ ಸುಳ್ಳು ಜಗುಲಿಗೆ ಹರಿಯಿತು. "ಶಭಾಷ್ ಮಂಜ. ಮಿಂದಿದ್ದು ಬಚ್ಚಲಲ್ಲಿ, ನೆಂದಿದ್ದು ಜಗುಲಿ!" ಎಂದರು. ಮಂಜಣ್ಣನೇ ಎಲ್ಲರಿಗಿಂತ ಜೋರಾಗಿ ನಕ್ಕ. ಮರುದಿನ ಅವನು ಕೊಟ್ಟ ವಾಟದಲ್ಲಿ ನೀರು ಬಾಣದ ಹಾಗೆ ಹೋಯಿತು.

ಅವರ ಕಂಪನಿಯಲ್ಲಿ ಒಂದು ನಿಯಮವಿತ್ತು. ಕೊನೆಯ ಕೆಲಸ ನಿಜವಾದ ಮನೆಯಲ್ಲಿ. ಅಳತೆಯಿಂದ ಹಿಡಿದು ಕಸ ಗುಡಿಸುವ ತನಕ ಎಲ್ಲವೂ ನಮ್ಮದೇ. ಅದು ಸರಿಯಾದರೆ ಸರ್ಟಿಫಿಕೇಟು, ಕಾಯಂ ಕೆಲಸ. ಸರಿಯಾಗದಿದ್ದರೆ ಮತ್ತೆ ಮಣ್ಣು. ಇನ್ನೊಂದು ವಿಚಿತ್ರ: ಸರ್ಟಿಫಿಕೇಟನ್ನು ಆಫೀಸಿನಲ್ಲಿ ಕೊಡುತ್ತಿರಲಿಲ್ಲ. "ಕೆಲ್ಸ ಮಾಡಿದ ರೂಮಲ್ಲೇ ನಿಂತು, ಆ ಮನೆಯೋರ ಕೈಯಿಂದಲೇ ತಗೋಬೇಕು. ನಿಮ್ಮ ಕಡೆಯೋರು ಒಬ್ರು ಜೊತೆಗೆ ಬರಲೇಬೇಕು."

ಇದನ್ನು ಮನೆಯಲ್ಲಿ ಹೇಳಿದಾಗ ಮಾವ ತೊಡೆ ತಟ್ಟಿದ. "ಏ ಕೂಸೇ, ಬಿ.ಎ. ಮಾಡಿ ಮಣ್ಣು ಕಲ್ಸೋಕೆ ಹೋದಿ. ಆ ಸರ್ಟಿಫಿಕೇಟು ನಿನ್ ಕೈಗೆ ಬಂದ ದಿನ ನಾನು ಕರಣೆ ಕೆಳಗಿಡ್ತೀನಿ, ನೋಡ್ತಿರು."

"ಬರೆದುಕೊಡ್ತೀಯಾ ಮಾವಾ?"

"ಬರೆಯೋದು ನಿನ್ ಕೆಲ್ಸ. ಬಾಯಲ್ಲಿ ಹೇಳಿದ್ರೆ ಸಾಲ್ದಾ?"

ಅವನು ನಗುತ್ತಲೇ ಹೇಳಿದ್ದ. ನಾನು ಮಾತ್ರ ಅಂದು ರಾತ್ರಿ ಲೆಕ್ಕ ಹಾಕಿದೆ. ಈ ಕೆಲಸವೂ ಕೈಬಿಟ್ಟರೆ ಡಿಗ್ರಿಯೂ ದಂಡ, ಮಣ್ಣು ಕಲಸಿದ್ದೂ ದಂಡ ಎಂದು ಊರು ಹೇಳುತ್ತದೆ. ನನ್ನ ಹಿಂದೆ ಕಾಲೇಜಿಗೆ ಹೊರಟ ನಮ್ಮ ಕೇರಿಯ ಹೆಣ್ಣುಮಕ್ಕಳಿಗೂ ಅದನ್ನೇ ತೋರಿಸುತ್ತದೆ.

ನಮಗೆ ಬಂದ ಕೊನೆಯ ಕೆಲಸ ತೀರ್ಥಹಳ್ಳಿ ರಸ್ತೆಯ ಒಂದು ದೊಡ್ಡಮನೆಯ ಅಡುಗೆಮನೆ. ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಅಷ್ಟರಲ್ಲಿ ನೆಲಕ್ಕೆ ಟೈಲ್ಸ್ ಆಗಬೇಕು, ಗ್ರಾನೈಟ್ ಕಟ್ಟೆ ಕೂರಬೇಕು. ಮೂಲೆಯ ಹಳೇ ಮಣ್ಣೊಲೆಯನ್ನು ಮಾತ್ರ ಮುಟ್ಟಬಾರದು. ವಿಳಾಸ ಹೇಳಿ ಓನರಮ್ಮ ಕೇಳಿದರು, "ಆ ಮನೆ ಗೊತ್ತಾ?"

"ಚೆನ್ನಾಗಿ ಗೊತ್ತು" ಎಂದೆ.

ಗೊತ್ತಿಲ್ಲದೆ ಏನು? ಅವ್ವ ನಾನು ಹುಟ್ಟುವ ಮುಂಚಿನಿಂದ ಆ ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆದವಳು. ಶಾಲೆಗೆ ರಜೆಯಿದ್ದಾಗ ನಾನೂ ಹೋಗಿ ತೊಳೆಯುವ ಕಲ್ಲಿನ ಪಕ್ಕ ಕೂರುತ್ತಿದ್ದೆ. ಅಡುಗೆಮನೆಯ ಹೊರಗೋಡೆಯ ಒಂದೊಂದು ಬಿರುಕೂ ನನಗೆ ಪರಿಚಯ. ಹೆಂಚಿನ ಸಂದಿಯಿಂದ ಏಳುವ ಹೊಗೆ ನೋಡಿ ಅವ್ವ, "ಒಲೆ ಆ ಮೂಲೇಲಿ. ಈಗ ಅನ್ನ ಇಳಿಸಿದ್ರು, ಇನ್ನು ಸಾರು ಇಡ್ತಾರೆ, ಆಮೇಲೆ ಪಾತ್ರೆ ಬರ್ತವೆ" ಎಂದು ಹೇಳುತ್ತಿದ್ದಳು. ಒಳಗೆ ಬರಬೇಡಿ ಎಂದು ನನ್ನ ಕಾಲದಲ್ಲಿ ಆ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಬನ್ನಿ ಎಂದೂ ಹೇಳಿದ್ದಿಲ್ಲ. ನಮ್ಮ ಹಿರಿಯರು ಜಗುಲಿಯ ಕೆಳಗೆ ನಿಂತು ಮಾತಾಡುತ್ತಿದ್ದರು, ನಾವೂ ನಿಂತೆವು. ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಅಳತೆಗೆ ಹೋದ ದಿನ ಮುಂಬಾಗಿಲು ತೆರೆದೇ ಇತ್ತು. ಒಳಗೆ ಯಾರೋ ಮಾತಾಡುವುದು ಕೇಳುತ್ತಿತ್ತು. ನಾವು ಮೂವರೂ ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡಿದೆವು. ಮಂಜಣ್ಣ, "ನೀ ಕರಿ" ಎಂದ. ಸರೋಜಕ್ಕ, "ಊಟದ ಹೊತ್ತು, ಈಗ ಕರೆದ್ರೆ ಎಂತ ಅಂದ್ಕತಾರೋ" ಎಂದಳು. ನನ್ನ ಕಾಲು ಅದಾಗಲೇ ಹಿತ್ತಲಿನ ದಾರಿ ಹಿಡಿದಿತ್ತು.

"ಅಡುಗೆಮನೆ ಹಿಂದಕ್ಕೆ ಚಾಚಿಕೊಂಡಿದೆ. ಹೊರಗಿನಿಂದಲೇ ಅಳದ್ರಾತು" ಎಂದೆ. "ಎರಡು ಕಡೆ ಗೋಡೆ ದಪ್ಪ ಕಳೆದ್ರೆ ಒಳಗಿನ ಉದ್ದ ಬಂತು."

ಎಷ್ಟು ಚೆಂದದ ಯೋಚನೆ! ಮಂಜಣ್ಣ ಟೇಪಿನ ಒಂದು ತುದಿ ಹಿಡಿದ, ಸರೋಜಕ್ಕ ಇನ್ನೊಂದು. ಕಳೆಯುವ ಲೆಕ್ಕ ಮಾಡಿದ್ದು ಬಿ.ಎ. ಗೋಡೌನಿನ ಸುಳ್ಳು ಕೋಣೆಗಳಲ್ಲಿ ಗೋಡೆ ಎಷ್ಟು ದಪ್ಪವಿತ್ತೋ ಅಷ್ಟೇ ಕಳೆದೆವು. ಆ ಮನೆಯದು ಇಟ್ಟಿಗೆಯಲ್ಲ, ಹಳೇ ಕಾಲದ ಮಣ್ಣಿನ ಗೋಡೆ, ಎರಡು ಗೇಣು ದಪ್ಪದ್ದು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಲು ಗೋಡೆಯ ಒಳಮೈ ಯಾರು ನೋಡಿದ್ದರು?

ತೀರ್ಥಹಳ್ಳಿಯಲ್ಲಿ ಆ ಅಳತೆಗೆ ಕಟ್ಟೆಯ ಗ್ರಾನೈಟ್ ಕಲ್ಲು ಕತ್ತರಿಸಿ ಪಿಕಪ್ಪಿನಲ್ಲಿ ತಂದೆವು. ಹಿತ್ತಲ ಬಾಗಿಲು ಸಣ್ಣದು, ಕಲ್ಲು ತಿರುಗುವುದಿಲ್ಲ. ಮುಂಬಾಗಿಲಿನಿಂದಲೇ ಹೋಗಬೇಕಾಯಿತು. ಕಲ್ಲು ಹೊತ್ತದ್ದಕ್ಕೆ ಭಯ ಮರೆತಿತ್ತು. ಜಗುಲಿ ದಾಟಿತು, ನಡುಮನೆ ದಾಟಿತು, ಮೊದಲ ಸಲ ಆ ಅಡುಗೆಮನೆಯೊಳಗೆ ಕಾಲಿಟ್ಟೆ. ನಾನು ಅಂದುಕೊಂಡ ಹಾಗೆ ಅಲ್ಲಿ ಒಂದೂ ಇರಲಿಲ್ಲ. ಕಲ್ಲನ್ನು ಗೋಡೆಗೆ ಹಿಡಿದೆವು. ಕೂರಲಿಲ್ಲ. ಓರೆ ಮಾಡಿದೆವು. ಕೂರಲಿಲ್ಲ. ಮಂಜಣ್ಣ ಹೆಗಲು ಕೊಟ್ಟು ತಳ್ಳಿದ. ಗೋಡೆಯ ಗಾರೆ ಉದುರಿತೇ ಹೊರತು ಕಲ್ಲು ಕೂರಲಿಲ್ಲ. ಅಡುಗೆಮನೆಗಿಂತ ಕಟ್ಟೆ ಒಂದೂವರೆ ಅಡಿ ಉದ್ದವಿತ್ತು.

ಕೆಲಸ ನೋಡಲು ಬಂದ ಓನರಮ್ಮ ಬಾಗಿಲಲ್ಲೇ ನಿಂತಿದ್ದರು. ಅವರ ಪಕ್ಕ ಮನೆಯ ಯಜಮಾನಿ, ನಾವು ಅಮ್ಮೋರು ಎನ್ನುವವರು. ಮುಗಿಯಿತು, ಮತ್ತೆ ಮಣ್ಣು.

"ಯಾರು ಅಳತೆ ತಗಂಡಿದ್ದು?" ಓನರಮ್ಮ ಕೇಳಿದರು.

"ನಾವೇ."

"ಎಲ್ಲಿ ನಿಂತು?"

ನಾನು ಟೇಪನ್ನು ಬೆನ್ನ ಹಿಂದೆ ಮರೆಮಾಡಿದೆ. ಕೊನೆಗೆ ಸರೋಜಕ್ಕ, "ಹಿತ್ಲಲ್ಲಿ ನಿಂತು, ಅಮ್ಮಾ."

ಓನರಮ್ಮ ಕಣ್ಣರಳಿಸಿದರು. ಆಮೇಲೆ ನಗಲು ಶುರು ಮಾಡಿದರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಹಿತ್ಲಲ್ಲಿ ನಿಂತು ಅಡುಗೆಮನೆ ಅಳದ್ರಾ! ಅಯ್ಯೋ ಮಾರಾಯ್ತಿ, ಹೊಟ್ಟೆ ಮುಟ್ಟಿ ಊಟ ಎಷ್ಟಾತು ಅಂತ ಹೇಳ್ದಂಗಾತು!" ನಗು ನಿಂತ ಮೇಲೆ ಕೇಳಿದರು, "ಯಾಕೆ?"

ಮಂಜಣ್ಣ ನೆಲ ನೋಡಿಕೊಂಡು ಹೇಳಿದ, "ಒಳಗೆ ಬನ್ನಿ ಅಂತ ಯಾರೂ ಹೇಳ್ಲಿಲ್ಲ."

ಅಮ್ಮೋರಿಗೆ ನೋವಾಯಿತು. "ಬರ್ಬೇಡಿ ಅಂತ ಯಾರು ಹೇಳಿದ್ರು? ಬಾಗ್ಲು ತೆಗೆದೇ ಇತ್ತಲ್ಲ."

"ತೆಗೆದ ಬಾಗ್ಲು ಬೇರೆ, ಬನ್ನಿ ಅನ್ನೋ ಬಾಗ್ಲು ಬೇರೆ, ಅಮ್ಮಾ" ಎಂದರು ಓನರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಇವ್ರ ತಪ್ಪು ಒಂದೂವರೆ ಅಡಿ. ಇವತ್ತೇ ಕತ್ತರಿಸಿ ಸರಿ ಮಾಡ್ತಾರೆ. ನಂದು ಅದಕ್ಕಿಂತ ಉದ್ದ. ಟೈಲ್ಸ್ ಕೂರ್ಸೋದು ಕಲಿಸ್ದೆ, ಮನೆಯೊಳಗೆ ಹೋಗೋದು ಕಲಿಸ್ಲಿಲ್ಲ." ನಮ್ಮ ಕಡೆ ತಿರುಗಿದರು. "ಹೂಂ, ಕಲ್ಲು ಅಂಗಳಕ್ಕೆ ತಗಂಡೋಗಿ ಇಡ್ರಿ. ಆಮೇಲೆ ಗೇಟಿನ ತನಕ ಹೋಗಿ ಮತ್ತೆ ಬರ್ರಿ. ಮುಂಬಾಗ್ಲಿಂದ. ಇದು ಗಟ್ಟಿಯಾಗೋಕೆ ಮುಂಚೆ ಒಡೀಬೇಕು."

ಹೋದೆವು. ಗೇಟಿನಿಂದ ಆ ಬಾಗಿಲು ಎಷ್ಟು ದೂರ ಕಂಡಿತು ಅಂದುಕೊಂಡಿರಿ! ಮೆಟ್ಟಿಲ ಹತ್ತಿರ ಬಂದು ಮೂವರೂ ನಿಂತೆವು. "ನೀನೇ ಹೇಳೇ ಬಿ.ಎ., ಮಾತು ಕಲ್ತವಳು" ಎಂದು ಸರೋಜಕ್ಕ ತಿವಿದಳು. ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ನಿಂತ ಹಾಗೆ ನೆಟ್ಟಗೆ ನಿಂತೆ. ನನ್ನ ಹೆಸರು ಹೇಳಿದೆ. ಜೊತೆಯವರ ಹೆಸರು ಹೇಳಿದೆ. "ನಾವು ಕಂಪನಿಯವರು. ನಿಮ್ಮ ಅಡುಗೆಮನೆ ಕೆಲಸಕ್ಕೆ ಬಂದಿದೀವಿ. ಒಳಗೆ ಬರಬಹುದಾ?"

ಅಮ್ಮೋರು ನನ್ನನ್ನೇ ನೋಡುತ್ತಿದ್ದರು. ಗುರುತು ಸಿಕ್ಕಿತು. "ನೀನು ಪಾತ್ರೆ ತೊಳೆಯೋ ಕಲ್ಲಿನ ಹತ್ರ ಕೂರ್ತಿದ್ದ ಹುಡುಗಿ ಅಲ್ವನೇ?" 

"ಹೌದು."

"ಬಾ. ಬನ್ನಿ ಒಳಗೆ." ಅಡುಗೆಮನೆಗೆ ಹೋದ ಮೇಲೆ ಅವರು ಕೈ ಚಾಚಿದರು. "ಎಲ್ಲಿ, ಆ ಟೇಪಿನ ತುದಿ ಇಲ್ಲಿ ಕೊಡು. ನಾನು ಹಿಡೀತೀನಿ. ಸರಿಯಾಗಿ ಅಳತೆ ತಗ."

ನಾನು ಒಂದು ತುದಿ, ಅಮ್ಮೋರು ಇನ್ನೊಂದು ತುದಿ. ಓನರಮ್ಮ ಏನೂ ಆಗಿಲ್ಲವೆಂಬಂತೆ ಹೊರಗೆ ಹೋಗಿ ಕಟಿಂಗ್ ಮಷೀನಿನ ವೈರು ಬಿಡಿಸುತ್ತ ಕೂತರು.

ಅಲ್ಲಿಂದಾಚೆ ಕೆಲಸ ಹೇಗೆ ಓಡಿತೆಂದು ಈಗಲೂ ನೆನೆದರೆ ಮೈ ಬಿಸಿಯಾಗುತ್ತದೆ! ಅಂಗಳದಲ್ಲಿ ಬಿಳಿ ಧೂಳೆಬ್ಬಿಸಿ ಕಲ್ಲಿನ ಎರಡೂ ತುದಿ ಕತ್ತರಿಸಿದೆವು. ಕಟ್ಟೆ ಈ ಗೋಡೆಯಿಂದ ಆ ಗೋಡೆಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ನೆಲದ ಟೈಲ್ಸು ಬಾಗಿಲಿನಿಂದ ಮೂಲೆಯ ಮಣ್ಣೊಲೆಯವರೆಗೂ ನನ್ನ ಪಾಲಿಗೆ ಬಂತು. ಒಲೆಯ ಅಂಚು ದುಂಡಗೆ, ಟೈಲ್ಸು ಚೌಕ. ಒಲೆಯ ಸುತ್ತ ಬಳಸಿ ಕತ್ತರಿಸುವಾಗ ನಾನು ಉಸಿರಾಡಿದ್ದೇ ನೆನಪಿಲ್ಲ. ಮಂಜಣ್ಣ ಸಿಂಕಿನ ಕಡೆ ಕೊಟ್ಟ ವಾಟಕ್ಕೆ ಅಮ್ಮೋರೇ ಚೊಂಬು ನೀರು ಹಾಕಿ ನೋಡಿ ಚಪ್ಪಾಳೆ ತಟ್ಟಿದರು.

ಕೊನೆಯ ದಿನ ಓನರಮ್ಮ ಬಂದರು. ಚಪ್ಪಲಿ ಬಿಟ್ಟರು. ತೋಳು ಮಡಚಿದರು. ಕಣ್ಣು ಮುಚ್ಚಿದರು. ನಾವು ಮೂವರೂ ಬಾಗಿಲಲ್ಲಿ. ಬಾಗಿಲಿನಿಂದ ಕಟ್ಟೆಗೆ, ಕಟ್ಟೆಯ ಉದ್ದಕ್ಕೂ, ಸಿಂಕಿನ ಕೆಳಗೆ, ಕಿಟಕಿಯ ಪಕ್ಕ. ಪಾದ ಎಲ್ಲೂ ನಿಲ್ಲಲಿಲ್ಲ. ಒಲೆಯ ಹತ್ತಿರ ಬಂದರು. ಹೆಬ್ಬೆರಳು ನಿಂತಿತು.

ಸರೋಜಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಓನರಮ್ಮ ಕಣ್ಣು ಮುಚ್ಚಿಕೊಂಡೇ ಹೆಬ್ಬೆರಳನ್ನು ಹಿಂದೆ ಮುಂದೆ ಆಡಿಸಿದರು. ಬಗ್ಗಿದರು. ನೆಲದಿಂದ ಏನನ್ನೋ ಎತ್ತಿ ಕಣ್ಣು ಬಿಟ್ಟು ನೋಡಿದರು. ಒಂದು ಕಾಳು ಅಕ್ಕಿ.

"ಬಿ.ಎ.," ಎಂದರು ಗಂಭೀರವಾಗಿ, "ಕಸ ಗುಡಿಸಿದ್ದು ಸರಿಯಾಗಿಲ್ಲ." ಆಮೇಲೆ ಆ ಸೀಳು ಬೆರಳಿನಿಂದ ಒಲೆಯ ಸುತ್ತ ನಾನು ಕತ್ತರಿಸಿದ ದುಂಡು ಅಂಚನ್ನು ಮತ್ತೊಮ್ಮೆ, ಸುಮ್ಮನೆ ಖುಷಿಗೆ, ಸವರಿಕೊಂಡು ಹೋದರು. ಮಂಜಣ್ಣ ಬಾಗಿಲಲ್ಲೇ ಕುಣಿದುಬಿಟ್ಟ.

ಕತ್ತರಿಸಿ ಉಳಿದ ಎರಡು ತುಂಡು ಗ್ರಾನೈಟನ್ನು ಓನರಮ್ಮ ಪಿಕಪ್ಪಿಗೆ ಹಾಕಿಸಿಕೊಂಡಿದ್ದರು. ಯಾಕೆಂದು ಆಮೇಲೆ ತಿಳಿಯಿತು. ಯಾವುದೋ ಹಳೇ ಮನೆಯಿಂದ ಒಂದು ಬಾಗಿಲ ಚೌಕಟ್ಟು ತಂದು ಗೋಡೌನಿನ ನಟ್ಟನಡುವೆ ನಿಲ್ಲಿಸಿದರು. ಸುತ್ತ ಗೋಡೆಯಿಲ್ಲ, ಬರೀ ಚೌಕಟ್ಟು. ಅದಕ್ಕೆ ಹೊಸ್ತಿಲು ನಮ್ಮ ತಪ್ಪಿನ ಆ ಎರಡು ತುಂಡು. ಈಗ ಯಾವ ತಂಡ ಬಂದರೂ ಮೊದಲ ಪಾಠ ಅದೇ. ಟೈಲ್ಸಲ್ಲ, ಮಣ್ಣಲ್ಲ. ಚೌಕಟ್ಟಿನ ಮುಂದೆ ನಿಲ್ಲಬೇಕು, ಹೆಸರು ಹೇಳಬೇಕು, ಯಾಕೆ ಬಂದೆ ಎಂದು ಹೇಳಬೇಕು, ಕಾಲು ಒರೆಸಿ ಒಳಗೆ ಬರಬೇಕು. ಹೊಸಬರು ಮುಸಿಮುಸಿ ನಗುತ್ತಾರೆ. "ಗೋಡೆನೇ ಇಲ್ವಲ್ಲಮ್ಮ, ಪಕ್ಕದಲ್ಲೇ ಬರ್ಬೋದಲ್ಲ?" ಎನ್ನುತ್ತಾರೆ. ಸರದಿ ಬಂದಾಗ ಅವರೂ ಪಕ್ಕದವರನ್ನು ತಿವಿದು "ನೀ ಹೇಳು" ಎನ್ನುತ್ತಾರೆ.

ಸಾಗರದಲ್ಲಿ ಕಂಪನಿಯ ಇನ್ನೊಂದು ಶೆಡ್ಡು ಶುರುವಾದಾಗ ಅಲ್ಲಿ ಕಲಿಸುವ ಕೆಲಸವನ್ನು ಓನರಮ್ಮ ನನಗೆ ಕೊಟ್ಟರು. ಅಲ್ಲೂ ಒಂದು ಚೌಕಟ್ಟು ನಿಲ್ಲಿಸಿದ್ದೇನೆ. ನನ್ನ ಡಿಗ್ರಿ ನಾನು ಗಳಿಸಿದ್ದು, ಅದರ ಹೆಮ್ಮೆಯನ್ನು ಯಾರಿಗೂ ಪಾಲು ಕೊಡುವುದಿಲ್ಲ. ಆದರೆ ಬಾಗಿಲ ಮುಂದೆ ನಿಂತು ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಲು ಕಲಿಸಿದ್ದು ಅವರು. ಹೊಸ ನೆಲದ ಮೇಲೆ ಕಣ್ಣು ಮುಚ್ಚಿ ನಡೆಯುವಾಗಲೆಲ್ಲ ಆ ಋಣ ನನ್ನ ಅಂಗಾಲಿಗೆ ತಾಗುತ್ತದೆ.

ಸರ್ಟಿಫಿಕೇಟಿನ ದಿನದ್ದು ಹೇಳಿ ಮುಗಿಸುತ್ತೇನೆ. ಬರಲೇಬೇಕಾದ ನನ್ನ ಕಡೆಯವಳು ಅವ್ವ. "ಹಿತ್ಲಿಗೆ ಬೇಕಾದ್ರೆ ಬರ್ತೀನಿ. ಕಿಟಕಿಯಿಂದ ನೋಡ್ತೀನಿ" ಎಂದು ಹಟ ಹಿಡಿದಿದ್ದಳು. ಮಾವ ತಾನೇ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಇಳಿದವಳೇ ಸೆರಗು ಸುತ್ತಿಕೊಂಡು, ನಾನು ಅಂದು ಹಿಡಿದ ಅದೇ ಹಿತ್ತಲ ದಾರಿ ಹಿಡಿದಳು. ಅಮ್ಮೋರು ಮುಂಬಾಗಿಲಿಗೆ ಬಂದು ಅವ್ವನ ಹೆಸರು ಹಿಡಿದು ಕರೆದರು. "ಎಲ್ಲಿಗೆ ಹೋಗ್ತಿ? ಇವತ್ತು ತೊಳೆಯೋ ಪಾತ್ರೆ ಇಲ್ಲ. ಈ ಕಡೆಯಿಂದ ಬಾರೇ." ಅವ್ವ ನನ್ನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. ಚಪ್ಪಲಿ ಬಿಟ್ಟಳು. ಬಂದಳು.

ಅಡುಗೆಮನೆಯಲ್ಲಿ ಸರೋಜಕ್ಕನಿಗೆ, ಮಂಜಣ್ಣನಿಗೆ, ಆಮೇಲೆ ನನಗೆ. ಓನರಮ್ಮ ಹೆಸರು ಕೂಗಿದರು. ಬಿ.ಎ. ಎಂದಲ್ಲ, ನನ್ನ ಪೂರ್ತಿ ಹೆಸರು, ಹಿಂದೆ ಅವ್ವನ ಹೆಸರು ಸೇರಿಸಿ. ಅಮ್ಮೋರು ಎರಡೂ ಕೈಯಿಂದ ಹಾಳೆ ಚಾಚಿದರು, ನಾನು ಎರಡೂ ಕೈಯಿಂದ ತೆಗೆದುಕೊಂಡೆ. ಮಾವ ಅಷ್ಟು ಹೊತ್ತೂ ಮೇಸ್ತ್ರಿಯ ಕಣ್ಣಿನಿಂದ ನೆಲ ನೋಡುತ್ತಿದ್ದವನು, ಯಾರೂ ನೋಡುತ್ತಿಲ್ಲ ಎಂದುಕೊಂಡು ಒಮ್ಮೆ ಕಣ್ಣು ಮುಚ್ಚಿ ಪಾದ ಎಳೆದು ನಡೆದ.

"ಎಲ್ಲಾದ್ರೂ ಎಡವಿತಾ ಮಾವಾ?" ಎಂದೆ. "ಕರಣೆ ಕೆಳಗಿಡ್ತೀನಿ ಅಂದಿದ್ದೆ."

"ಇವತ್ತು ತಂದಿಲ್ಲ. ತರ್ದೆ ಇದ್ದಿದ್ದನ್ನ ಹೆಂಗೆ ಕೆಳಗಿಡೋದು?" ಎಂದು ಕಿಟಕಿಯ ಕಡೆ ತಿರುಗಿಕೊಂಡ. ಓನರಮ್ಮನ ಹೆಬ್ಬೆರಳನ್ನು ಮಾತ್ರ ಒಮ್ಮೆ ಓರೆಗಣ್ಣಿನಿಂದ ನೋಡಿದ.

ಅವ್ವ ನನ್ನ ಕೈಯ ಹಾಳೆಯನ್ನು ಇನ್ನೂ ನೋಡಿರಲಿಲ್ಲ. ಹೊಸ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮೂಲೆಯ ಮಣ್ಣೊಲೆಯನ್ನೇ ನೋಡುತ್ತಿದ್ದಳು. ಆಮೇಲೆ ಎದುರು ಮೂಲೆಯನ್ನು ನೋಡಿದಳು. ಮತ್ತೆ ಒಲೆಯನ್ನು ನೋಡಿದಳು.

"ಒಲೆ ಈ ಮೂಲೇಲಿತ್ತನಾ!" ಎಂದಳು. "ಇಷ್ಟ್ ವರ್ಷ ಹೊಗೆ ನೋಡಿ ಆ ಮೂಲೆ ಅಂದ್ಕಂಡಿದ್ದೆ ಕೂಸೇ."